ಏಣಿ ಹಿಡಿದವರ ಕೂಲಿ

ನನ್ನ ಸೋದರತ್ತೆ ಮನೆಗಳಿಗೆ ಬಣ್ಣ ಬಳಿಯುವವಳು. ಅವಳ ಗಂಡ, ಅಂದರೆ ನಮ್ಮ ಮಾವ, ಅದೇ ಮೇಸ್ತ್ರಿಯ ಕೈಕೆಳಗೆ ಅದೇ ಕೆಲಸ ಮಾಡುತ್ತಿದ್ದ. ಮಾವನಿಗೆ ದಿನಕ್ಕೆ ಎಂಟುನೂರು, ಅತ್ತೆಗೆ ಐನೂರು. ಯಾಕೆಂದು ಕೇಳಿದರೆ ಮೇಸ್ತ್ರಿಯ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು: ಗಂಡಸರು ಏಣಿ ಹತ್ತುತ್ತಾರೆ, ಜೀವ ಕೈಯಲ್ಲಿ ಹಿಡಿದು ದುಡಿಯುತ್ತಾರೆ.

ನಿಜ ಏನೆಂದರೆ, ಮಾವ ಸ್ಟೂಲು ಹತ್ತಿದರೂ ತಲೆ ಸುತ್ತುವ ಆಸಾಮಿ. ಮದುವೆಯಾದಾಗಿನಿಂದ ಏಣಿ ಹತ್ತಿದವಳು ಅತ್ತೆ, ಕೆಳಗೆ ನಿಂತು ಹಿಡಿದವನು ಮಾವ. ಮೇಸ್ತ್ರಿ ಬರುತ್ತಿದ್ದುದು ಸಂಜೆ, ಬ್ರಷ್ ತೊಳೆದಾದ ಮೇಲೆ. ಗಂಡನ ಮಾನ ಹೋಗಬಾರದೆಂದು ಅತ್ತೆ ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ನಾನೂ ಅದೇ ಕೆಲಸಕ್ಕೆ ಸೇರಿದೆ. ಮೇಸ್ತ್ರಿ ನನಗೂ ಐನೂರು ಎಂದ.

"ನನ್ನದು ಹೋಗ್ಲಿ, ಇವಳಿಗೂ ಅಂದ್ರೆ ನಾನು ಸುಮ್ನಿರಲ್ಲ" ಎಂದಳು ಅತ್ತೆ.

ಮರುದಿನ ಬಣ್ಣ ಸಾಲದು ಎಂದು ಸುಳ್ಳು ಹೇಳಿ ಮೇಸ್ತ್ರಿಯನ್ನು ಮಧ್ಯಾಹ್ನವೇ ಕರೆಸಿದಳು. ಅವನು ಬಂದಾಗ ಅತ್ತೆ ಚಾವಣಿಯ ಹತ್ತಿರ ಇದ್ದಳು; ಮಾವ ಕೆಳಗೆ ಕಣ್ಣು ಮುಚ್ಚಿ ಏಣಿ ಹಿಡಿದಿದ್ದ. ಮೇಸ್ತ್ರಿ ತಲೆ ಕೆರೆದುಕೊಂಡ. ಅತ್ತೆ ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೇ ತೂರಿದ.

"ಹತ್ತೋಕೆ ಹಗುರ ಮೈ ಇದ್ರೆ ಸಾಕಮ್ಮ. ಹಿಡಿಯೋಕೇ ಬಲ ಬೇಕು, ಜವಾಬ್ದಾರಿ ಬೇಕು. ಇನ್ಮೇಲೆ ಹಿಡಿಯೋರಿಗೆ ಎಂಟುನೂರು."

ಅತ್ತೆ ಆಗಲಿ ಎಂದು ತಲೆಯಾಡಿಸಿದಳು. ಅವಳು ಅಷ್ಟು ಸುಲಭವಾಗಿ ಒಪ್ಪಿದರೆ ಹುಷಾರಾಗಿರಬೇಕು ಎಂಬುದು ಮೇಸ್ತ್ರಿಗೆ ಗೊತ್ತಿರಲಿಲ್ಲ, ಪಾಪ.

ಮಾರನೆಯ ಬೆಳಿಗ್ಗೆ ಏಣಿಯ ಒಂದು ಕಾಲನ್ನು ಅತ್ತೆ, ಇನ್ನೊಂದನ್ನು ನಾನು ಹಿಡಿದು ನಿಂತೆವು. ಮಾವನನ್ನು ಹತ್ತಲು ಹೇಳಿದೆವು. ಮೂರನೆಯ ಮೆಟ್ಟಿಲಲ್ಲೇ ಅವನು ಏಣಿಯನ್ನು ಅಪ್ಪಿಕೊಂಡುಬಿಟ್ಟ, ಇಳಿಸುವಷ್ಟರಲ್ಲಿ ಸಾಕುಸಾಕಾಯಿತು. ಆ ಮನೆಯವರು ಮರುದಿನವೇ ಸಾಮಾನು ತರುವವರಿದ್ದರು. ಚಾವಣಿ ಅರ್ಧ ಬೋಳಾಗಿ ಉಳಿದಿತ್ತು. ಸುದ್ದಿ ಕೇಳಿ ಓಡಿಬಂದ ಮೇಸ್ತ್ರಿ ಹಿಡಿದ ಏಣಿ ಬಿಟ್ಟು ಹತ್ತಲು ಒಪ್ಪದ ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿ, ಪ್ಯಾಂಟು ಮಡಚಿ, ಡಬ್ಬ ಹಿಡಿದು ತಾನೇ ಹತ್ತಿದ.

ಏಳನೆಯ ಮೆಟ್ಟಿಲಲ್ಲಿ ಅವನ ಕಾಲು ಗಡಗಡ ನಡುಗತೊಡಗಿತು. ಅತ್ತೆ ಕೆಳಗಿನಿಂದ ಬಹಳ ವಿನಯವಾಗಿ ಕೇಳಿದಳು.

"ಈಗ ಹೇಳಿ ಮೇಸ್ತ್ರಿಗಳೇ, ಹತ್ತೋರಿಗೆ ಎಷ್ಟು, ಹಿಡಿಯೋರಿಗೆ ಎಷ್ಟು?"

ಮೇಸ್ತ್ರಿ ಏಣಿಯ ಮೇಲಿದ್ದ ಅವಳ ಕೈ ನೋಡಿದ.

"ಎಲ್ರಿಗೂ ಎಂಟುನೂರಮ್ಮ. ಏಣಿ ಮಾತ್ರ ಬಿಡ್ಬೇಡ."

ಅತ್ತೆ ಬಿಡಲಿಲ್ಲ. ಅವನ ಜೇಬಿನಿಂದ ಮೊದಲು ನನ್ನ ಎಂಟುನೂರು ಇಳಿಯಿತು, ಆಮೇಲೆ ಅವಳದು. ಮೇಸ್ತ್ರಿ ಇಳಿದದ್ದು ಕೊನೆಗೆ.