ನೀಲಿ ದಾರದ ಹೊಲಿಗೆ

ಕಮರಿಗೆ ಹೋಗುವ ಬಸ್ಸು ನಿಲ್ಲುವ ಬೀದಿಯಲ್ಲೇ ಅವನ ಬೂಟು ರಿಪೇರಿ ಅಂಗಡಿ. ಒಬ್ಬ ಕೂತರೆ ಇನ್ನೊಬ್ಬನಿಗೆ ನಿಲ್ಲಲೂ ಜಾಗವಿಲ್ಲ. ಕಮರಿಗೆ ಇಳಿಯುವವರ ಅಟ್ಟೆ ಹೊಲಿದು ಹೊಲಿದೇ ಅವನ ತಲೆ ನರೆತಿತ್ತು. ತಾನು ಮಾತ್ರ ಕಮರಿಯ ಅಂಚನ್ನೂ ಕಂಡವನಲ್ಲ. "ಊರವರನ್ನೆಲ್ಲ ನಡೆಸ್ತೀರಿ, ನೀವು ಮಾತ್ರ ಇಲ್ಲೇ ಗೂಟ ಹೊಡ್ಕೊಂಡು ಕೂತಿರ್ತೀರಿ," ಎಂದು ಹೆಂಡತಿ ಚುಚ್ಚದ ದಿನವಿಲ್ಲ. ಕೊನೆಗೊಂದು ರಜೆಯ ದಿನ, ಅವಳ ಬಾಯಿ ಮುಚ್ಚಿಸಲೆಂದೇ, ಬುತ್ತಿ ಕಟ್ಟಿಸಿಕೊಂಡು ಹೊರಟ.

ಕಾಲಿಗೆ ಹಾಕಿಕೊಂಡದ್ದು ಅಂಗಡಿಯ ಮೇಲಿನ ಹಲಗೆಯಲ್ಲಿದ್ದ ಬೂಟು. ರಿಪೇರಿಗೆ ಕೊಟ್ಟವರು ವರ್ಷ ಕಳೆದರೂ ಬಾರದಿದ್ದರೆ ಬೂಟು ಅಂಗಡಿಯವನದು, ಆ ಕಸುಬಿನವರ ವಾಡಿಕೆಯೇ ಹಾಗೆ. ಇವನೋ ಪಾಪಭೀರು, ಮೂರು ವರ್ಷ ಕಾದಿದ್ದ. ಹೇಳಿ ಮಾಡಿಸಿದ ಹಾಗೆ ಕೂತಿತು.

ಕಾಲುದಾರಿ ಬಂಡೆಗಳ ನಡುವೆ ಸುತ್ತಿ ಸುತ್ತಿ ಇಳಿಯುತ್ತಿತ್ತು. ಮೋಡ ಕವಿದು, ಕಮರಿಯೊಳಗೆ ಹಗಲೂ ಮಬ್ಬಾಗಿತ್ತು. ಅರ್ಧ ದಾರಿಯಲ್ಲಿ ಒಬ್ಬ ಹೆಂಗಸು ಜೊತೆಯಾದಳು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸವಂತೆ. ಎದುರಿಗೆ ಬಂದವರ ಮುಖವನ್ನೆಲ್ಲ ಅವಳು ಬಗ್ಗಿ ಬಗ್ಗಿ ನೋಡುತ್ತಿದ್ದಳು.

"ಯಾರನ್ನಾದ್ರೂ ಹುಡುಕ್ತಿದ್ದೀರಾ ಅಮ್ಮಾ?"

"ನಮ್ಮನೆಯವರನ್ನ. ಮೂರು ವರ್ಷದ ಹಿಂದೆ ಜಗಳ ಆಡ್ಕೊಂಡು ಎದ್ದುಹೋದ್ರು. ಪೊಲೀಸರೂ ಹುಡುಕಿ ಕೈಚೆಲ್ಲಿದ್ರು. ನೋಡಿದ್ರೆ ನಡೆಯೋ ಬೂಟೂ ಮನೇಲಿಲ್ಲ. ಅಂದ್ರೆ ಯೋಚನೆ ಮಾಡೇ ಬಿಟ್ಟುಹೋಗಿದ್ದಾರೆ ಮಹಾರಾಯ್ರು. ಕಾಡು, ಕಮರಿ ಅಂದ್ರೆ ಪ್ರಾಣ ಅವರಿಗೆ. ಎಲ್ಲೋ ಹಾಯಾಗಿ ನಡ್ಕೊಂಡಿರ್ತಾರೆ. ಸಿಕ್ಕಿದ್ರೆ ಕಪಾಳಕ್ಕೊಂದು ಬಾರಿಸೋಣ ಅಂತ ರಜಾ ಸಿಕ್ಕಾಗಲೆಲ್ಲ ಬರ್ತೀನಿ."

ಇವನು ನಕ್ಕ. ಅವಳೂ ನಕ್ಕಳು, ಆದರೆ ಕಣ್ಣು ದಾರಿಯ ಮೇಲೆಯೇ ಇತ್ತು.

ತಳದಲ್ಲಿ ತೊರೆಯ ಪಕ್ಕ ಇಬ್ಬರೂ ಕೂತರು. ಇವನ ಬೂಟಿನೊಳಗೆ ಹರಳು ಸೇರಿತ್ತು. ಲೇಸು ಬಿಚ್ಚಿ ಬೂಟಿನ ನಾಲಿಗೆಯನ್ನು ಹೊರಕ್ಕೆಳೆದ. ಅದರ ಒಳಮೈಯಲ್ಲಿ ನೀಲಿ ದಾರದ ಸೊಟ್ಟ ಹೊಲಿಗೆ. ಬುತ್ತಿ ಬಿಚ್ಚುತ್ತಿದ್ದ ಅವಳ ಕೈ ಅಲ್ಲಿಗೇ ನಿಂತಿತು.

"ಅದು ನಾನು ಹಾಕಿದ ಹೊಲಿಗೆ," ಎಂದಳು. "ಈ ಬೂಟು ನಿಮಗೆಲ್ಲಿ ಸಿಕ್ತು?"

ಬೂಟು ತಂದುಕೊಟ್ಟವನ ಮುಖ ಅವನಿಗೆ ನೆನಪಾಯಿತು. ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡೆ ಅಂದುಬಿಟ್ಟರೆ ಮುಗಿಯಿತು. ಗಂಡ ಮಾರಿಕೊಂಡ ಅಂದುಕೊಂಡು ಇನ್ನೆರಡು ಬೈದಾಳು. ಬೈಯುವಷ್ಟು ದಿನ ಅವಳ ಪಾಲಿಗೆ ಅವನು ಬದುಕಿರುತ್ತಾನೆ. ಆದರೆ ಅವಳು ಆ ಹೊಲಿಗೆಯನ್ನು ಬೆರಳಲ್ಲಿ ಸವರುತ್ತಿದ್ದಳು. ಸುಳ್ಳು ಹೇಳಲಾಗಲಿಲ್ಲ.

"ನಮ್ಮ ಅಂಗಡೀಲಿ ರಿಪೇರಿಗೆ ಕೊಟ್ಟಿದ್ರು ಅಮ್ಮಾ. ಮುಖ ಸಣ್ಣದು ಮಾಡ್ಕೊಂಡಿದ್ರು, ಮನೇಲಿ ಜಗಳ ಆಡ್ಕೊಂಡು ಬಂದೆ ಅಂದ್ರು. ಈ ಸೊಟ್ಟ ಹೊಲಿಗೇನೂ ಬಿಚ್ಚಿ ಹಾಕ್ತೀನಿ ಅಂದೆ. ಅದನ್ನ ಮುಟ್ಬೇಡಿ, ನಮ್ಮನೆಯವಳು ಹಾಕಿದ್ದು ಅಂತ ನಕ್ಕರು. ಅವಳ ಚಪ್ಪಲೀನೂ ಕಿತ್ತಿದೆ, ನಾಳೆ ಸಂಜೆ ಬರೋವಾಗ ಅದನ್ನೂ ತರ್ತೀನಿ ಅಂದ್ರು. ಆಮೇಲೆ ಬರ್ಲೇ ಇಲ್ಲ."



"ಹೌದು, ಕಿತ್ತಿತ್ತು," ಎಂದಳು ಅವಳು. ಹೊಲಿಗೆಯಿಂದ ಬೆರಳು ತೆಗೆದು, "ಹಾಗಾದ್ರೆ ನನ್ನ ಬಿಟ್ಟುಹೋಗ್ಲಿಲ್ಲ," ಎಂದಳು. ಆಮೇಲೆ ಇನ್ನೂ ಮೆಲ್ಲಗೆ, "ಹಾಗಾದ್ರೆ ಇನ್ನು ಬರೋದೂ ಇಲ್ಲ."

ಯಾಕಾದರೂ ಬಾಯಿಬಿಟ್ಟೆನೋ ಎಂದುಕೊಂಡ ಅವನು. ಇನ್ನೊಂದು ಬೂಟನ್ನೂ ಕಳಚಿ ಜೋಡಿಯನ್ನು ಅವಳ ಮುಂದಿಟ್ಟ. ಅವಳು ಅದನ್ನು ಹಿಂದಕ್ಕೆ ತಳ್ಳಿದಳು.

"ಹಾಕ್ಕೊಳ್ಳಿ. ಬರಿಗಾಲಲ್ಲಿ ಹತ್ತೋಕಾಗಲ್ಲ. ಮೇಲೆ ಹೋದ್ಮೇಲೆ ಕೊಡಿ."

ಬುತ್ತಿ ಇಬ್ಬರದೂ ಹಾಗೇ ಉಳಿಯಿತು. ಅವನು ಮುಂದೆ, ಅವಳು ಹಿಂದೆ ಹತ್ತತೊಡಗಿದರು. ಎದುರಿಗೆ ಜನ ಇಳಿದು ಬರುತ್ತಲೇ ಇದ್ದರು. ಅವಳು ಬೂಟನ್ನೇ ನೋಡಿಕೊಂಡು ನಡೆದಳು. ಬಂದವರಲ್ಲಿ ಒಬ್ಬರ ಮುಖವನ್ನೂ ನೋಡಲಿಲ್ಲ.