ಭಟ್ಟರು ಎಡಗೈಯಲ್ಲಿ ಬಡಿಸಿದ ಲಾಡು

ಗೆಳೆಯರೇ, ಇವತ್ತು ಅರ್ಧ ದಿನ ರಜೆ ಹಾಕಿ, ಪಕ್ಕದ ಮನೆಯ ಶ್ರೀಪತಿ ಭಟ್ಟರ ಜೊತೆ ಅಹಮದಾಬಾದಿನ ಕಾರ್ಮಿಕ ಪರಿಹಾರದ ಕೋರ್ಟಿಗೆ ಹೋಗಿದ್ದೆ. ಭಟ್ಟರು ಉಡುಪಿ ಕಡೆಯವರು, ಬಟ್ಟೆ ಮಿಲ್ಲೊಂದರ ಕ್ಯಾಂಟೀನಿನಲ್ಲಿ ಬಡಿಸುತ್ತಿದ್ದವರು. ಹೋದ ವರ್ಷ, ಗುಜರಾತು ಬೇರೆ ರಾಜ್ಯವಾದ ಹೊಸತರಲ್ಲಿ, ಕ್ಯಾಂಟೀನಿನ ಹಿಟ್ಟಿನ ಯಂತ್ರದ ಬೆಲ್ಟಿಗೆ ಸಿಕ್ಕಿ ಅವರ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ಅಂದಿನಿಂದ ಕೆಲಸವಿಲ್ಲ.

ಮಿಲ್ಲಿನ ವಕೀಲರು ಹಿಂದಿಯಲ್ಲಿ ನಯವಾಗಿ ವಾದಿಸಿದರು. "ಎಡಗೈ ಗಟ್ಟಿಯಾಗಿದೆ ಸಾಹೇಬರೇ, ಅದರಲ್ಲೇ ಬಡಿಸಬಹುದು. ಪೂರ್ತಿ ಪರಿಹಾರ ಯಾಕೆ?"

ಭಟ್ಟರು ನನ್ನ ಕಡೆ ಬಾಗಿ, "ಮಾರಾಯ್ರೇ, ಇವರಿಗೆ ಒಂದು ಬಡಿಸಿ ನೋಡುವ" ಎಂದರು. ಹೆಂಡತಿ ಕಟ್ಟಿಕೊಟ್ಟಿದ್ದ ಲಾಡನ್ನು ಚೀಲದಿಂದ ತೆಗೆದು, ಎಡಗೈಯಲ್ಲಿ ವಕೀಲರ ಮುಂದೆ ಹಿಡಿದರು. "ಲೀಜಿಯೇ, ವಕೀಲ್ ಸಾಹೇಬ್."

ವಕೀಲರ ಕೈ ಅರ್ಧ ಮುಂದೆ ಬಂದು ಹಿಂದಕ್ಕೆ ಹೋಯಿತು. "ಅರೆ ಭಾಯಿ, ಎಡಗೈಯಲ್ಲಾ?" ಎಂದು ಬಾಯಿತಪ್ಪಿ ಕೇಳಿಯೇಬಿಟ್ಟರು.

ವಿಚಾರಣೆ ನಡೆಸುತ್ತಿದ್ದ ಅಧಿಕಾರಿಗಳು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ನಗು ತಡೆಯುವುದಕ್ಕೇ ಇರಬೇಕು. ಆಮೇಲೆ ಗುಮಾಸ್ತರಿಗೆ, "ವಕೀಲರ ಪ್ರಶ್ನೆಯನ್ನು ಹಾಗೆಯೇ ಬರೆದುಕೊಳ್ಳಿ" ಎಂದರು. ಸಂಜೆಯೊಳಗೆ ಪೂರ್ತಿ ಪರಿಹಾರದ ಆದೇಶವಾಯಿತು.

ಗೇಟಿನ ಹೊರಗೆ ಭಟ್ಟರು ಅದೇ ಲಾಡನ್ನು ಅದೇ ಕೈಯಲ್ಲಿ ನನಗೆ ಕೊಟ್ಟರು. ಮಡಿ ಮೈಲಿಗೆ ನನಗಿಲ್ಲ ಎಂದು ನಿಮ್ಮೆದುರು ಎಷ್ಟೋ ಸಲ ಭಾಷಣ ಬಿಗಿದಿದ್ದೇನೆ. ಆದರೂ ಕೈ ಚಾಚಲು ಒಂದು ಕ್ಷಣ ತಡವಾಯಿತು.

ಭಟ್ಟರು ಅದನ್ನು ನೋಡಿ ನಕ್ಕರು. "ಸಾಕ್ಷಿಗೆ ನಿಮ್ಮನ್ನೇ ಕರೀಬಹುದಿತ್ತು ಮಾರಾಯ್ರೇ."