ಇಟಲಿ ಕೋಳಿಯ ಹೊಗೆ

ಬಿ.ಸಿ.ರೋಡಿನ ಅಂಗಡಿಯೊಂದರಲ್ಲಿ ಬಿಸಿಗಾಳಿಯಲ್ಲೇ ಹುರಿಯುವ ಏರ್ ಫ್ರೈಯರ್ ತೋರಿಸಿ ಮಾರುವುದು ನನ್ನ ಕೆಲಸ. ಅಂದು ಇಟಲಿಯವರ ರೀತಿಯಲ್ಲಿ ಕೋಳಿ ತುಂಡುಗಳಿಗೆ ಟೊಮೆಟೊ, ಬೆಳ್ಳುಳ್ಳಿ ಸವರಿ, ಮೇಲೆ ಚೀಸ್ ಹೊದಿಸಿ ಮೆಷಿನ್ ಚಾಲೂ ಮಾಡಿದೆ. ಒಳಗಿನ ಫ್ಯಾನಿನ ಗಾಳಿಗೆ ಚೀಸ್ ಹಾರಿ, ಕಾದ ಕಾಯಿಲ್‌ಗೆ ಅಂಟಿಕೊಂಡಿತು. ಬುಸುಬುಸು ಹೊಗೆ ಬಂತು. ನೋಡುತ್ತಿದ್ದವರೆಲ್ಲ ಹಿಂದೆ ಸರಿದರು. ಎದುರಿಗೆ ನಿಂತಿದ್ದ ಐಸಮ್ಮ ಎಂಬವರು ಮಾತ್ರ ಕದಲಲಿಲ್ಲ.

“ಇಟಲಿಯಲ್ಲಿಯೂ ಹೀಗೆ ಹೊಗೆ ಬರ್ತದಾ ಮಾರಾಯ್ರೇ?”

ಧಣಿಗಳು ಗಲ್ಲಾದಿಂದ ನನ್ನನ್ನೇ ನೋಡುತ್ತಿದ್ದರು. “ಬರ್ತದೆ, ಅದರ ರುಚಿಯೇ ಅದು,” ಎಂದುಬಿಟ್ಟೆ.

ಐಸಮ್ಮ ಒಂದು ತುಂಡು ತಿಂದು, ತಲೆಯಾಡಿಸಿ, ಮೆಷಿನ್ ಕೊಂಡೇಬಿಟ್ಟರು.

ಮರುದಿನ ಅವರದೇ ಫೋನು. “ನಿಮ್ಮ ಮೆಷಿನ್ ಹಾಳಾಗಿ ಉಂಟು. ಕೋಳಿ ಏನೋ ಬೆಂದಿದೆ, ಹೊಗೆಯೇ ಬರುವುದಿಲ್ಲ! ಇಟಲಿ ಅಡುಗೆ ಅಂತ ನೆಂಟರನ್ನು ಕರೆದಾಗಿದೆ.”

ಬೇರೆ ದಾರಿ ಕಾಣದೆ ನಡೆದದ್ದನ್ನು ಹೇಳಿದೆ. ಅವರು, “ಅದೆಲ್ಲ ಇರಲಿ. ಹಾರುವ ಚೀಸ್ ಯಾವ ಅಂಗಡಿಯಲ್ಲಿ ಸಿಗ್ತದೆ, ಅದನ್ನು ಹೇಳಿ,” ಎಂದರು.

ಮೆಷಿನ್ ಜೊತೆ ಕೊಡುವ ಪುಸ್ತಕದಲ್ಲಿ ಹೊಗೆ ಬಂದರೆ ಏನು ಮಾಡಬೇಕೆಂದು ಉಂಟು. ಬಾರದಿದ್ದರೆ ಏನು ಮಾಡಬೇಕೆಂದು ಯಾರೂ ಬರೆದಿಲ್ಲ.